ಕಡಲಿಗೆ ಪಹಣಿ ಇಲ್ಲ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಂತೆ ಹಿರೋಳ್ಳಿ ಎಂಬ ಗ್ರಾಮವಿದೆ. ವಾಗ್ದರಿಯಿಂದ ರಿಬ್ಬನಪಲ್ಲಿಗೆ ಹೋಗುವ ಹೆದ್ದಾರಿಯು ನಮ್ಮ ರಾಜ್ಯವನ್ನು ಪ್ರವೇಶಿಸುವುದು ಈ ಎಡೆಯಲ್ಲಿಯೇ. ಸುತ್ತಲೂ ಕಪ್ಪು ಎರೆಭೂಮಿ. ತೊಗರಿ, ಜೋಳ, ಕಡಲೆಗಳ ಸೀಮೆ. ತೀರ ಹತ್ತಿರದ ಕಡಲಂಚೂ ಇಲ್ಲಿಂದ ೩೦೦ ಕಿಲೋಮೀಟರುಗಳಿಗಿಂತ ದೂರ. ನಮ್ಮ ಕಾರವಾರವಂತೂ ನಕ್ಷೆಯ ಮೇಲೆ ನೇರವಾಗಿ ಗೆರೆ ಎಳೆದರೂ ೪೦೦ ಕಿಲೋಮೀಟರುಗಳಿಗೆ ಸಮೀಪ. ಇಂಥ ಊರಿನ ಪ್ರೌಢಶಾಲೆಯಲ್ಲಿ ಕುಳಿತ ವಿದ್ಯಾರ್ಥಿಗೆ, ಎಲ್ಲೋ ಕಡಲಿನಲ್ಲಿ ಹಡಗೊಂದು ಒಡೆದು ಎಣ್ಣೆ ಚೆಲ್ಲಿತೆಂದು ಹೇಳಿದರೆ, ಅದರಿಂದ ನಮಗೇನು ಎಂದು ಅವನು ಕೇಳುವುದು ಸಹಜ. ಆ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಅಲ್ಲಿಂದಲೇ ನಮ್ಮ ಮಾತನ್ನು ಆರಂಭಿಸುತ್ತೇವೆ.

ಹಿರೋಳ್ಳಿಯ ಹೊಲವನ್ನು ಉಳುವ ಟ್ರ್ಯಾಕ್ಟರು ಡೀಸೆಲ್ಲಿನಿಂದ ನಡೆಯುತ್ತದೆ. ಭಾರತವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ೮೫ಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರತಕ್ಕದ್ದು. ಆದುದರಿಂದ ಎರೆಭೂಮಿಯ ರೈತನೂ ಕಡಲ ಎಣ್ಣೆಯ ವ್ಯಾಪಾರದಲ್ಲಿ ಒಬ್ಬ ಪಾಲುದಾರನೇ ಸರಿ. ಇದು ಎಲ್ಲರೂ ಹೇಳುವ ಮಾತು. ಹಿರೋಳ್ಳಿಗೂ ಕಡಲಿಗೂ ಇರುವ ಇನ್ನೊಂದು ಸಂಬಂಧವನ್ನು, ಅಥವಾ ಇನ್ನೊಂದು ಅಂತರವನ್ನು, ವಾಚಕರ ಗಮನಕ್ಕೆ ತರುವುದು ನಮ್ಮ ಉದ್ದೇಶ.

ಹಿರೋಳ್ಳಿಯ ಹೊಲಕ್ಕೆ ಸರ್ವೆ ನಂಬರು ಉಂಟು. ಪಹಣಿಯಲ್ಲಿ ಆ ಹೊಲದ ವಿಸ್ತೀರ್ಣ, ಒಡೆಯನ ಹೆಸರು, ಬೆಳೆದ ಬೆಳೆ ಇವೆಲ್ಲ ದಾಖಲಾಗಿವೆ. ಬಿದ್ದ ಮಳೆಯನ್ನು ಅಳೆಯಲು ಪಂಚಾಯಿತಿಯ ಮಟ್ಟದಲ್ಲಿ ಮಳೆಮಾಪಕ ಉಂಟು. ಆಯ್ದ ಹೊಲಗಳಲ್ಲಿ ಗೊತ್ತಾದ ಅಳತೆಯ ತುಂಡು ನೆಲವನ್ನು ಗುರುತಿಸಿ, ಅದರ ಬೆಳೆಯನ್ನು ಕೊಯ್ದು ತೂಗಿ, ಹಿಂದಿನ ವರ್ಷಗಳ ಸರಾಸರಿಯೊಡನೆ ಹೋಲಿಸುವ ಪದ್ಧತಿ ಉಂಟು. ೨೦೨೨ರ ಮುಂಗಾರಿನ ತೊಗರಿಗೆ ನೆಟೆರೋಗ ತಗುಲಿ ಕಲಬುರಗಿ ಸೀಮೆಯ ಹೊಲಗಳು ಒಣಗಿ ನಿಂತಾಗ, ಸರಕಾರವು ಹೆಕ್ಟೇರಿಗೆ ೧೦,೦೦೦ ರೂಪಾಯಿಯಂತೆ ಪರಿಹಾರವನ್ನು ಘೋಷಿಸಿತು. ಆ ಮೊತ್ತ ಸಾಲದೆಂದು ರೈತನು ವಾದಿಸಬಹುದು, ವಾದಿಸಿದರೆ ತಪ್ಪಿಲ್ಲ. ಆದರೆ ಆ ವಾದವನ್ನು ಹೂಡಲು ಅವನ ಕೈಯಲ್ಲಿ ಒಂದು ಕಾಗದವಿತ್ತು. ನಿನ್ನೆ ಇದ್ದುದೇನು, ಇಂದು ಇಲ್ಲವಾದುದೇನು ಎಂಬುದನ್ನು ತೋರಿಸುವ ಲೆಕ್ಕವಿತ್ತು.

ಈಗ ಕಾರವಾರಕ್ಕೆ ಹೋಗೋಣ.

೨೦೦೬ನೆಯ ಇಸವಿಯ ಮೇ ೩೦ರಂದು, ಮುಂಗಾರು ಕಾಲಿಡುವ ಸಮಯದಲ್ಲಿ, ಪನಾಮಾ ದೇಶದ ಬಾವುಟ ಹೊತ್ತ 'ಓಷನ್ ಸೆರಾಯಾ' ಎಂಬ ಸರಕು ಹಡಗು ಕಾರವಾರದೆದುರಿನ ಆಯ್‌ಸ್ಟರ್ ರಾಕ್ ಎಂಬ ದ್ವೀಪದ ಬಂಡೆಗಳ ಬಳಿ ನೆಲಹತ್ತಿತು. ಈ ದ್ವೀಪವನ್ನು ಸ್ಥಳೀಯರು ದೇವಗಡವೆಂದು ಕರೆಯುತ್ತಾರೆ. ಅದರ ನೆತ್ತಿಯ ಮೇಲೆ ದೀಪಸ್ತಂಭವಿದೆ. ಹಡಗಿನ ತೊಟ್ಟಿಗಳಲ್ಲಿ ಸುಮಾರು ೬೫೦ ಟನ್ನುಗಳಷ್ಟು ಎಣ್ಣೆ ಇತ್ತು. ಅದು ಮಾರಾಟದ ಸರಕಲ್ಲ. ಹಡಗು ತನ್ನ ಯಂತ್ರಕ್ಕೆಂದು ಇಟ್ಟುಕೊಂಡ ಇಂಧನ. ಮುಂಗಾರಿನ ಅಲೆಗಳ ಹೊಡೆತಕ್ಕೆ ಹಡಗು ಒಡೆಯಿತು. ಎಣ್ಣೆ ಕಡಲಿಗೆ ಇಳಿಯಿತು. ಆ ಕಾಲದಲ್ಲಿ ಬಳ್ಳಾರಿ-ಹೊಸಪೇಟೆಗಳ ಕಬ್ಬಿಣದ ಅದಿರು ಕಾರವಾರ ಮತ್ತು ಬೇಲೆಕೇರಿಗಳ ಮೂಲಕ ಹೊರದೇಶಗಳಿಗೆ ಹೋಗುತ್ತಿತ್ತೆಂಬುದನ್ನೂ ವಾಚಕರು ನೆನೆಯಬೇಕು. ಒಳನಾಡಿನ ಸಂಪತ್ತಿಗೆ ದಾರಿಯಾದ ತೀರವೇ ಅದರ ಅಪಾಯಕ್ಕೂ ಮೈಯೊಡ್ಡಬೇಕಾಗುತ್ತದೆ.

ಆರುನೂರೈವತ್ತು ಟನ್ ಎಂದರೆ ಬಹಳವೋ ಸ್ವಲ್ಪವೋ? ಜಗತ್ತಿನ ತೈಲವಾಹಕ ಹಡಗುಗಳ ಸೋರಿಕೆಯ ಲೆಕ್ಕವಿಡುವವರು ೭೦೦ ಟನ್ ಮೀರಿದುದನ್ನು ದೊಡ್ಡದೆಂದೂ, ೭ರಿಂದ ೭೦೦ ಟನ್ನಿನವರೆಗಿನದನ್ನು ಮಧ್ಯಮವೆಂದೂ ವಿಂಗಡಿಸುತ್ತಾರೆ. ಅದೇ ಕೋಷ್ಟಕದಲ್ಲಿ ಇಟ್ಟು ನೋಡಿದರೆ ಕಾರವಾರದ್ದು ಮಧ್ಯಮ. ಆದರೆ ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಒಂದು ಘನಮೀಟರ್ ಎಣ್ಣೆಯನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ದಪ್ಪದ ಪೊರೆಯಾಗಿ ಹರಡಿದರೆ ಅದು ಒಂದು ಚದರ ಕಿಲೋಮೀಟರನ್ನು, ಎಂದರೆ ನೂರು ಹೆಕ್ಟೇರನ್ನು, ಮುಚ್ಚುತ್ತದೆ. ಒಂದು ಟನ್ ಎಣ್ಣೆ ಒಂದು ಘನಮೀಟರಿಗಿಂತ ತುಸು ಹೆಚ್ಚೇ ಆಗುತ್ತದೆ. ದಪ್ಪನೆಯ ಇಂಧನ ತೈಲವು ಅಷ್ಟು ತೆಳ್ಳಗೆ ಸಮನಾಗಿ ಹರಡುವುದಿಲ್ಲವೆಂಬುದು ನಿಜ. ಆದರೂ ಲೆಕ್ಕದ ಅಂದಾಜು ಸಿಕ್ಕಿತಷ್ಟೆ.

ಹಡಗಿನ ಈ ಇಂಧನ ಎಂಥದು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಕಚ್ಚಾ ತೈಲವನ್ನು ಕಾಯಿಸಿ ಭಟ್ಟಿ ಇಳಿಸಿದಾಗ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಮೊದಲಾದ ಹಗುರವಾದ ಭಾಗಗಳು ಮೇಲೇರಿ ಬೇರೆಯಾಗುತ್ತವೆ. ಕೊನೆಗೆ ತಳದಲ್ಲಿ ಉಳಿಯುವ ಕಪ್ಪಾದ, ಅಂಟಾದ ಶೇಷವೇ ಫರ್ನೇಸ್ ಎಣ್ಣೆಯ ಮೂಲ. ಬಿಸಿ ಮಾಡದೆ ಅದನ್ನು ಕೊಳವೆಯಲ್ಲಿ ಹರಿಸುವುದೂ ಕಷ್ಟ. ಪೆಟ್ರೋಲು ಚೆಲ್ಲಿದರೆ ಬಹುಬೇಗ ಆವಿಯಾಗಿ ಹೋಗುತ್ತದೆ, ಇದು ಹೋಗುವುದಿಲ್ಲ. ಅಲೆಗಳು ಅದನ್ನು ಕಡೆದಾಗ ನೀರನ್ನು ತನ್ನೊಳಗೆ ಹೀರಿಕೊಂಡು ಕಂದುಬಣ್ಣದ ಮುದ್ದೆಯಾಗಿ, ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಮುಂಗಾರಿನ ಕಡಲಿಗಿಂತ ದೊಡ್ಡ ಕಡೆಗೋಲು ಬೇರೊಂದುಂಟೆ? ಸ್ವಲ್ಪ ಭಾಗ ಮರಳಿನೊಡನೆ ಬೆರೆತು ತಳಕ್ಕೆ ಇಳಿಯುತ್ತದೆ. ಸ್ವಲ್ಪ ಭಾಗ ತಿಂಗಳುಗಟ್ಟಲೆ ತೇಲಿ ಡಾಂಬರಿನ ಉಂಡೆಗಳಾಗಿ ದಡಕ್ಕೆ ಬಂದು ಬೀಳುತ್ತದೆ. ಕಡಲಿನ ಕೆಲವು ಬ್ಯಾಕ್ಟೀರಿಯಗಳು ಎಣ್ಣೆಯನ್ನು ತಿಂದು ಬದುಕಬಲ್ಲವು. ಆದರೆ ಅವುಗಳಿಗೂ ಹಗುರವಾದ ಅಣುಗಳೇ ಇಷ್ಟ. ಅನೇಕ ಬೆಂಜೀನ್ ಉಂಗುರಗಳು ಒಂದಕ್ಕೊಂದು ಬೆಸೆದ ಭಾರವಾದ ಅಣುಗಳನ್ನು ಅವು ಕಡೆಗೆ ಉಳಿಸುತ್ತವೆ. ಮೀನಿನ ಮೊಟ್ಟೆಗೂ ಮರಿಗೂ ಹೆಚ್ಚು ವಿಷವಾಗುವ ಅಣುಗಳು ಈ ಉಂಗುರಗಳ ಜಾತಿಯವೇ.

ನಮ್ಮ ಪಶ್ಚಿಮ ತೀರದಲ್ಲಿ ಮುಂಗಾರಿನ ಗಾಳಿಯಿಂದ ಕಡಲಿನ ಆಳದ ತಂಪಾದ, ಸತ್ವವುಳ್ಳ ನೀರು ಮೇಲೆ ಬರುತ್ತದೆ. ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬಂಗುಡೆ, ತಾರ್ಲೆಗಳು ಮೊಟ್ಟೆಯಿಡುವ ಕಾಲವೂ ಇದೇ. ಯಂತ್ರದೋಣಿಗಳನ್ನು ಈ ಕಾಲದಲ್ಲಿ ಕಡಲಿಗಿಳಿಸಕೂಡದೆಂಬ ನಿಷೇಧದ ಕಾರಣಗಳಲ್ಲಿ ಇದೂ ಒಂದು. ಮೀನುಗಾರನು ಮರಿಗಳ ಸಲುವಾಗಿ ಬಲೆಯನ್ನು ಮಡಿಚಿಡುವ ಕಾಲಕ್ಕೆ ಸರಿಯಾಗಿ ಎಣ್ಣೆ ಕಡಲಿಗಿಳಿದುದು ಕಾರವಾರದ ಪ್ರಸಂಗದ ಕಟುವಾದ ಭಾಗ.

ಹಾಗಾದರೆ ಎಷ್ಟು ಮರಿಗಳು ಸತ್ತವು? ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು, ಸಿಂಪಿಗಳನ್ನು ಆಯ್ದು ಬುಟ್ಟಿ ತುಂಬುವ ಹೆಂಗಸರಿಗೆ ಎಷ್ಟು ಬುಟ್ಟಿಗಳು ನಷ್ಟವಾದವು? ಆ ಘಟನೆಯನ್ನು ನೆನೆಯುವಾಗ ನಾಲಗೆಯ ಮೇಲೆ ಬರುವುದು ಹಡಗಿನ ಅಂಕಿ: ಇಷ್ಟು ಟನ್. ಕಡಲಿನ ಅಂಕಿ ಬರುವುದಿಲ್ಲ. ಬಂದರಿಗೆ ಬಂದಿಳಿಯುವ ಮೀನಿನ ಅಂದಾಜನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನ ಸಂಸ್ಥೆ ದಶಕಗಳಿಂದ ಕ್ರಮವಾಗಿ ಮಾಡುತ್ತ ಬಂದಿದೆ. ಅದು ಬೆಲೆಬಾಳುವ ಕೆಲಸ. ಆದರೆ ಮನೆಯಲ್ಲೇ ಬೇಯಿಸಿ ತಿಂದ ಚಿಪ್ಪಿ, ನೆರೆಮನೆಗೆ ಅಕ್ಕಿಗೆ ಬದಲಾಗಿ ಕೊಟ್ಟ ಮೀನು, ರಂಪಣಿ ಬಲೆಯನ್ನು ಎಳೆಯಲು ಕೈಹಾಕಿದವನಿಗೆ ದೊರೆತ ಪಾಲು ಇವಕ್ಕೆ ರಸೀದಿ ಇಲ್ಲ. ರಸೀದಿ ಇಲ್ಲದ ಬದುಕು ನಷ್ಟದ ಪಟ್ಟಿಯಲ್ಲಿ ಸೊನ್ನೆಯಾಗಿ ನಿಲ್ಲುತ್ತದೆ. ಹಿರೋಳ್ಳಿಯ ಹೊಲಕ್ಕೂ ಕಾಳಿಯ ಕೆಸರಿಗೂ ಇರುವ ಅಂತರ ಇದೇ. ಕಡಲಿಗೆ ಪಹಣಿ ಇಲ್ಲ.

ಪಹಣಿ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೋಕದ ಎರಡು ನಿದರ್ಶನಗಳನ್ನು ಕೊಡುತ್ತೇವೆ.

೧೯೬೭ರ ಮಾರ್ಚ್ ೧೮ರಂದು 'ಟೋರಿ ಕ್ಯಾನಿಯನ್' ಎಂಬ ತೈಲವಾಹಕವು ಇಂಗ್ಲೆಂಡಿನ ನೈಋತ್ಯ ತುದಿಯ ಬಂಡೆಗಳಿಗೆ ಬಡಿಯಿತು. ಒಂದು ಲಕ್ಷ ಟನ್ನಿಗೂ ಮಿಗಿಲಾದ ಕಚ್ಚಾ ತೈಲವಿದ್ದ ಹಡಗು ಅದು. ಗಾಬರಿಗೊಂಡ ಅಧಿಕಾರಿಗಳು ದಡದ ಬಂಡೆಗಳ ಮೇಲೆ ಸುಮಾರು ೧೦,೦೦೦ ಟನ್ ಮಾರ್ಜಕ ದ್ರಾವಣವನ್ನು ಸುರಿಸಿದರು. ಕಣ್ಣಿಗೆ ಬಂಡೆಗಳು ಶುಭ್ರವಾದವು. ಆದರೆ ಆ ತೀರಕ್ಕೆ ಸಮೀಪದ ಪ್ಲಿಮತ್ ನಗರದಲ್ಲಿ ೧೮೮೮ರಲ್ಲೇ ತೆರೆದ ಕಡಲ ಜೀವಶಾಸ್ತ್ರದ ಪ್ರಯೋಗಶಾಲೆಯೊಂದಿತ್ತು. ಅಲ್ಲಿನವರು ಬಂಡೆಗಳಿಗೆ ಅಂಟಿಕೊಂಡಿರುವ ಬಾರ್ನಕಲ್, ಲಿಂಪೆಟ್ ಮುಂತಾದ ಚಿಪ್ಪಿನ ಜೀವಿಗಳನ್ನು, ಯಾವ ಅಪಘಾತವೂ ಸಂಭವಿಸದ ವರ್ಷಗಳಲ್ಲಿಯೂ, ತಾಳ್ಮೆಯಿಂದ ಎಣಿಸಿ ಬರೆದಿಟ್ಟಿದ್ದರು. ಆಗ ಆ ಕೆಲಸವನ್ನು ನೋಡಿದವರು ಇದರಿಂದ ಏನು ಉಪಯೋಗವೆಂದು ನಕ್ಕಿದ್ದರೂ ಆಶ್ಚರ್ಯವಿಲ್ಲ. ಆ ಲೆಕ್ಕವಿದ್ದುದರಿಂದಲೇ ಎಣ್ಣೆಗಿಂತ ಮಾರ್ಜಕವೇ ಹೆಚ್ಚು ಜೀವಿಗಳನ್ನು ಕೊಂದಿತೆಂಬುದು ಸಿದ್ಧವಾಯಿತು. ಲಿಂಪೆಟ್‌ಗಳು ಸತ್ತುಹೋದಲ್ಲಿ ಹಸಿರು ಪಾಚಿಯನ್ನು ಮೇಯುವವರಿಲ್ಲದೆ ಬಂಡೆಗಳೆಲ್ಲ ಹಸಿರಾದವು. ಎಣ್ಣೆ ಬಿದ್ದರೂ ಮಾರ್ಜಕ ಬೀಳದ ಎಡೆಗಳು ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡರೆ, ಮಾರ್ಜಕದಿಂದ ಚೆನ್ನಾಗಿ ತೊಳೆದ ಎಡೆಗಳಿಗೆ ಹತ್ತು ಹದಿನೈದು ವರ್ಷಗಳೂ ಬೇಕಾದವು. ಇಂದು ಜಗತ್ತಿನ ಯಾವ ದೇಶವೂ ಬಂಡೆಗಳಿಗೆ ಅಂಥ ಸ್ನಾನವನ್ನು ಮಾಡಿಸಲು ಹೊರಡುವುದಿಲ್ಲ.

ಎರಡನೆಯದು ಅಲಾಸ್ಕದ ಕಥೆ. ೧೯೮೯ರ ಮಾರ್ಚ್ ೨೪ರಂದು 'ಎಕ್ಸಾನ್ ವಾಲ್ಡೀಜ್' ಹಡಗು ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕಡಲಚಾಚಿನಲ್ಲಿ ಸುಮಾರು ೩೭,೦೦೦ ಟನ್ ಎಣ್ಣೆಯನ್ನು ಚೆಲ್ಲಿತು. ನಾಲ್ಕು ವರ್ಷಗಳ ತರುವಾಯ, ೧೯೯೩ರಲ್ಲಿ, ಅಲ್ಲಿಯ ಹೆರಿಂಗ್ ಮೀನುಗಳ ಸಂತತಿ ಕುಸಿದುಬಿದ್ದಿತು. ನಮ್ಮ ತಾರ್ಲೆಯ ದಾಯಾದಿಯಾದ ಈ ಮೀನು ಇಂದಿಗೂ ಅಲ್ಲಿ ಹಿಂದಿನ ಮಟ್ಟಕ್ಕೆ ಮರಳಿಲ್ಲ. ಎಣ್ಣೆಯೇ ಕಾರಣವೆಂದು ಕೆಲವರು, ರೋಗವೆಂದು ಕೆಲವರು, ಆಹಾರದ ಕೊರತೆಯೆಂದು ಇನ್ನು ಕೆಲವರು. ಅಪಘಾತಕ್ಕೆ ಮುಂಚಿನ ವರ್ಷಗಳ ವಿವರವಾದ ಅಧ್ಯಯನ ಸಾಕಷ್ಟಿರಲಿಲ್ಲವಾದುದರಿಂದ ಈ ವಾದ ಮುಗಿಯಲಿಲ್ಲ. ಹೆರಿಂಗನ್ನೇ ನಂಬಿದ್ದ ಮೀನುಗಾರರು ದೋಣಿಗಳನ್ನು ಮಾರಬೇಕಾಯಿತು. ೧೯೯೪ರಲ್ಲಿ ತೀರ್ಪುಗಾರರು ವಿಧಿಸಿದ ೫೦೦ ಕೋಟಿ ಡಾಲರುಗಳ ದಂಡರೂಪದ ಪರಿಹಾರವು, ಮೇಲ್ಮನವಿಗಳಲ್ಲಿ ಕರಗುತ್ತ ಕರಗುತ್ತ, ೨೦೦೮ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ೫೦.೭೫ ಕೋಟಿ ಡಾಲರುಗಳಿಗೆ ಇಳಿಯಿತು. ಅಪಘಾತವಾಗಿ ಆಗ ಹತ್ತೊಂಬತ್ತು ವರ್ಷಗಳು ಕಳೆದಿದ್ದವು.

ಅಮೆರಿಕದವರು ಇದರಿಂದ ಪಾಠ ಕಲಿಯಲಿಲ್ಲವೆಂದು ಹೇಳಲಾಗದು. ೧೯೯೦ರ ಅವರ ಕಾನೂನು, ಎಣ್ಣೆಯಿಂದ ಪ್ರಕೃತಿಗೇ ಆದ ನಷ್ಟವನ್ನು ಬೇರೆಯಾಗಿ ಅಳೆದು ವಸೂಲು ಮಾಡಬೇಕೆಂದು ವಿಧಿಸಿತು. ೨೦೧೦ರಲ್ಲಿ ಮೆಕ್ಸಿಕೋ ಕೊಲ್ಲಿಯ 'ಡೀಪ್‌ವಾಟರ್ ಹೊರೈಜನ್' ಕೊರೆವೇದಿಕೆ ಸಿಡಿದು, ಹನ್ನೊಂದು ಜನ ಸತ್ತು, ೮೭ ದಿನಗಳವರೆಗೆ ಎಣ್ಣೆ ಉಕ್ಕಿದಾಗ ಈ ವಿಧಿ ಕೆಲಸಕ್ಕೆ ಬಂತು. ೨೦೧೬ರ ಒಪ್ಪಂದದಲ್ಲಿ ಜೌಗುನೆಲ, ಹಕ್ಕಿ, ಆಮೆ, ಡಾಲ್ಫಿನ್‌ಗಳ ಬಾಬ್ತಿಗೆಂದೇ ೮೮೦ ಕೋಟಿ ಡಾಲರುಗಳವರೆಗೆ ತೆಗೆದಿಡಲಾಯಿತು.

ನಮ್ಮಲ್ಲಿ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದಗಳು ಅಷ್ಟು ಉದಾರವಾದವಲ್ಲ. ತೈಲವನ್ನು ಸರಕಾಗಿ ಹೊತ್ತ ಹಡಗುಗಳಿಗೆ ಒಂದು ಒಪ್ಪಂದ. ಇತರ ಹಡಗುಗಳ ಇಂಧನಕ್ಕೆ ಬೇರೊಂದು. ಎರಡನೆಯದನ್ನು ೨೦೦೧ರಲ್ಲಿ ಅಂಗೀಕರಿಸಿದರೂ ಅದು ಜಾರಿಗೆ ಬಂದುದು ೨೦೦೮ರ ನವೆಂಬರಿನಲ್ಲಿ. ಭಾರತವು ಅದಕ್ಕೆ ಸೇರಿದುದು ಇನ್ನೂ ತಡವಾಗಿ. ಕಾರವಾರದ ಹಡಗು ಒಡೆದಾಗ ಅದು ಇರಲೇ ಇಲ್ಲ. ಈ ಒಪ್ಪಂದಗಳ ಭಾಷೆಯನ್ನು ಓದಿದರೆ, ಪರಿಸರದ ಹಾನಿಗೆಂದು ಕೊಡಬೇಕಾದುದು ಅದನ್ನು ಮೊದಲಿನಂತೆ ಮಾಡಲು ಕೈಗೊಂಡ ಅಥವಾ ಕೈಗೊಳ್ಳುವ ಯುಕ್ತವಾದ ಕ್ರಮಗಳ ವೆಚ್ಚವನ್ನು ಮಾತ್ರ. ಇದಲ್ಲದೆ ಲಾಭದ ನಷ್ಟವನ್ನು ಕೇಳಬಹುದು. 'ಮೊದಲಿನಂತೆ' ಎಂಬ ಪದವನ್ನು ವಾಚಕರು ಗಮನಿಸಬೇಕು. ಮೊದಲು ಹೇಗಿತ್ತೆಂಬುದನ್ನೇ ಬರೆದಿಡದವನು ಮೊದಲಿನಂತೆ ಮಾಡಿಕೊಡೆಂದು ಯಾವ ಬಾಯಿಂದ ಕೇಳಬೇಕು?

ಇದು ಹಳೆಯ ಕಥೆಯೆಂದು ಯಾರೂ ಭಾವಿಸಬಾರದು. ೨೦೨೫ರ ಮೇ ೨೫ರಂದು, ಮತ್ತೆ ಮುಂಗಾರಿನ ಹೊಸ್ತಿಲಲ್ಲಿಯೇ, 'ಎಂ.ಎಸ್.ಸಿ. ಎಲ್ಸಾ ೩' ಎಂಬ ಹಡಗು ೬೪೦ ಪೆಟ್ಟಿಗೆಗಳೊಡನೆ ಕೊಚ್ಚಿಯ ಹೊರಗೆ ಮುಳುಗಿತು. ಅದರಲ್ಲಿ ಸುಮಾರು ೩೬೭ ಟನ್ ಫರ್ನೇಸ್ ಎಣ್ಣೆಯೂ ೮೪ ಟನ್ ಡೀಸೆಲ್ಲೂ ಇದ್ದವು. ಕೇರಳ ಸರಕಾರವು ನಾಲ್ಕು ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ತಾತ್ಕಾಲಿಕವಾಗಿ ೧,೦೦೦ ರೂಪಾಯಿ ಮತ್ತು ೬ ಕಿಲೋ ಅಕ್ಕಿಯನ್ನು ಘೋಷಿಸಿತು. ಬಳಿಕ ಉಚ್ಚ ನ್ಯಾಯಾಲಯದಲ್ಲಿ ೯,೫೩೧ ಕೋಟಿ ರೂಪಾಯಿಗಳ ದಾವೆಯನ್ನು ಹೂಡಿತು. ಅದರಲ್ಲಿ ಮಾಲಿನ್ಯದ ಹಾನಿಗೆ ಸುಮಾರು ೮,೬೨೬ ಕೋಟಿ, ಮೀನುಗಾರರ ನಷ್ಟಕ್ಕೆ ಸುಮಾರು ೫೨೬ ಕೋಟಿ. ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಹಡಗಿನ ಕಡೆಯವರು ಇಡಬೇಕಾದ ಭದ್ರತೆಯ ಮೊತ್ತವನ್ನು ೧,೨೨೭.೬೨ ಕೋಟಿ ಎಂದು ಗೊತ್ತುಮಾಡಿತು. ಇದು ಭದ್ರತೆಯೇ ಹೊರತು ತೀರ್ಪಲ್ಲ. ಯಾರ ಲೆಕ್ಕ ಸರಿಯೆಂದು ನಾವು ನಿರ್ಣಯಿಸಲಾರೆವು. ಇಂಥ ವ್ಯಾಜ್ಯದಲ್ಲಿ ಪ್ರತಿಯೊಂದು ಕೋಟಿಯ ಹಿಂದೆಯೂ 'ಮುಂಚೆ ಎಷ್ಟಿತ್ತು, ತೋರಿಸಿ' ಎಂಬ ಪ್ರಶ್ನೆ ಕಾದಿರುತ್ತದೆಂಬುದನ್ನು ಮಾತ್ರ ಹೇಳುತ್ತೇವೆ.

ಇದೇ ಪ್ರಶ್ನೆ ನಾಳೆ ನಮ್ಮ ತೀರಕ್ಕೂ ಬರಬಹುದು. ಮಂಗಳೂರಿನ ಶುದ್ಧೀಕರಣ ಕೇಂದ್ರಕ್ಕೆಂದು ತೈಲವಾಹಕಗಳು ಬರುತ್ತಲೇ ಇವೆ. ಮಂಗಳೂರು ಮತ್ತು ಪಾದೂರುಗಳ ನೆಲದಡಿಯ ಬಂಡೆಗವಿಗಳಲ್ಲಿ ಒಟ್ಟು ೪೦ ಲಕ್ಷ ಟನ್ ಕಚ್ಚಾ ತೈಲವನ್ನು ದೇಶದ ಆಪದ್ಧನವಾಗಿ ಶೇಖರಿಸುವ ಏರ್ಪಾಡಿದೆ. ೨೦೨೨ರ ಜೂನಿನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತ 'ಪ್ರಿನ್ಸೆಸ್ ಮಿರಾಲ್' ಹಡಗು ಉಳ್ಳಾಲದೆದುರು ನೆಲಹತ್ತಿದಾಗ, ತನ್ನ ಹೊಟ್ಟೆಯಲ್ಲಿ ಇನ್ನೂರು ಟನ್ನಿಗೂ ಮಿಗಿಲಾದ ಇಂಧನವನ್ನು ಇಟ್ಟುಕೊಂಡಿತ್ತು. ಕರಾವಳಿ ರಕ್ಷಣಾ ಪಡೆಗೆ ಎಣ್ಣೆಯನ್ನು ಎದುರಿಸುವ ರಾಷ್ಟ್ರೀಯ ಯೋಜನೆ ೧೯೯೬ರಿಂದ ಇದೆ. ಚೆಲ್ಲಿದ ಎಣ್ಣೆ ಯಾವ ದಿಕ್ಕಿಗೆ ಹೋದೀತೆಂದು ಗಾಳಿ-ಪ್ರವಾಹಗಳಿಂದ ಗಣಿಸಿ ಹೇಳುವ ವ್ಯವಸ್ಥೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದಲ್ಲಿದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ದಡಕ್ಕೆ ಬಿದ್ದ ಡಾಂಬರು ಉಂಡೆಯಲ್ಲಿನ ಹೋಪೇನ್ ಎಂಬ ಅಣುಗಳ ಪರಸ್ಪರ ಪ್ರಮಾಣವನ್ನು ಪರೀಕ್ಷಿಸಿ, ಬೆರಳಚ್ಚಿನಿಂದ ಕಳ್ಳನನ್ನು ಗುರುತಿಸುವಂತೆ, ಆ ಎಣ್ಣೆಯ ಮೂಲವನ್ನು ಪತ್ತೆಮಾಡಬಲ್ಲರು. ಕಳ್ಳನನ್ನು ಹಿಡಿಯುವ ವಿದ್ಯೆ ನಮಗುಂಟು. ಮನೆಯಲ್ಲಿ ಏನೇನಿತ್ತೆಂಬ ಪಟ್ಟಿ ಇಲ್ಲ.

ಈ ಪಟ್ಟಿಯನ್ನು ಕಾಲೇಜಿನ ವಿದ್ಯಾರ್ಥಿಗಳು ಮಾಡಬಲ್ಲರೆಂಬುದು ನಮ್ಮ ಅಭಿಪ್ರಾಯ. ಮಾಜಾಳಿಯಿಂದ ಸೋಮೇಶ್ವರದವರೆಗೆ ನಮ್ಮ ತೀರ ೩೦೦ ಕಿಲೋಮೀಟರುಗಳಿಗೂ ಮಿಗಿಲು. ಅದರ ಉದ್ದಕ್ಕೂ ಕಾಲೇಜುಗಳಿವೆ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವೂ, ಮಂಗಳೂರಿನಲ್ಲಿ ಮೀನುಗಾರಿಕೆಯ ಕಾಲೇಜೂ ಇವೆ. ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಗುರುತಿಟ್ಟ ಬಂಡೆಗಳಿಗೆ ಹೋಗಿ ಒಂದೊಂದು ಚೌಕದೊಳಗಿನ ಚಿಪ್ಪಿಗಳನ್ನು ಎಣಿಸುವುದು; ಅಳಿವೆಯ ಕೆಸರನ್ನು ಸೀಸೆಯಲ್ಲಿ ತುಂಬಿ, ಅದರಲ್ಲಿನ ಎಣ್ಣೆಯ ಅಂಶವನ್ನು ತಿಳಿದವರಿಂದ ಪರೀಕ್ಷೆ ಮಾಡಿಸುವುದು; ಬಳಚು ಆಯುವ ಹೆಂಗಸರೊಡನೆ ಕುಳಿತು ದಿನಕ್ಕೆ ಎಷ್ಟು ಬುಟ್ಟಿ, ಮಾರಿದುದೆಷ್ಟು, ಉಂಡುದೆಷ್ಟು ಎಂದು ಬರೆಯುವುದು. ಈ ಕೊನೆಯದನ್ನು ಚಿಕ್ಕ ಕೆಲಸವೆಂದು ಎಣಿಸಬಾರದು; ಮೂರರಲ್ಲಿ ಅದೇ ಕಷ್ಟವಾದುದು, ಬೇಗ ಆಗಬೇಕಾದುದೂ ಅದೇ. ೨೦೨೪ರಲ್ಲಿ ಅಘನಾಶಿನಿಯ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆ ಅಳಿವೆಯ ಬಳಚಿನ ಮೇಲೆ ಬದುಕುವ ಪ್ರತಿಯೊಂದು ಮನೆಯ ಲೆಕ್ಕವೂ ಒಂದು ಪುಸ್ತಕದಲ್ಲಿ ಸೇರಿದರೆ ಆ ಹೆಮ್ಮೆಗೆ ಆಧಾರ ದೊರೆತೀತು.

ವಿದ್ಯಾರ್ಥಿಗಳ ಎಣಿಕೆಯನ್ನು ನಂಬಬಹುದೇ ಎಂದು ತಜ್ಞರು ಹುಬ್ಬುಗಂಟಿಕ್ಕಬಹುದು. ನಮ್ಮ ತಾಲ್ಲೂಕು ಕಚೇರಿಗಳ ಮಳೆಮಾಪಕಗಳನ್ನು ದಶಕಗಳ ಕಾಲ ಓದಿ ಬರೆದವರು ಕಚೇರಿಯ ನೌಕರರು, ವಿಜ್ಞಾನಿಗಳಲ್ಲ. ಆ ಅಂಕಿಗಳ ಮೇಲೆಯೇ ಹವಾಮಾನ ಶಾಸ್ತ್ರಜ್ಞರು ಸರಾಸರಿ ಮಳೆಯನ್ನು ಕಟ್ಟಿದರು. ಒಂದೇ ಬಂಡೆಯನ್ನು, ಒಂದೇ ವಿಧಾನದಿಂದ, ಒಂದೇ ಕಾಲದಲ್ಲಿ ಬಿಡದೆ ಎಣಿಸಿದರೆ ಚಿಕ್ಕಪುಟ್ಟ ತಪ್ಪುಗಳಿದ್ದರೂ ಏರಿಳಿತ ತಿಳಿದೇ ತಿಳಿಯುತ್ತದೆ. ೨೦೧೭ರಲ್ಲಿ ಚೆನ್ನೈ ಸಮೀಪದ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಹೊಡೆದು ಎಣ್ಣೆ ದಡಕ್ಕೆ ಬಂದಾಗ, ಬಕೆಟ್ಟುಗಳನ್ನು ಹಿಡಿದು ಅದನ್ನು ಎತ್ತಿದವರಲ್ಲಿ ಕಾಲೇಜಿನ ತರುಣರೂ ಇದ್ದರು. ಅಪಘಾತವಾದ ಮೇಲೆ ಬಕೆಟ್ಟನ್ನು ಕೊಡಲು ಸಿದ್ಧವಿರುವ ನಾವು ಅದಕ್ಕೆ ಮುಂಚೆ ಪೆನ್ಸಿಲನ್ನು ಕೊಡಲು ಏಕೆ ಹಿಂಜರಿಯಬೇಕು?

ಹಣದ ಮಾತು ಉಳಿಯಿತು. ಮಂಗಳೂರಿನ ಶುದ್ಧೀಕರಣ ಕೇಂದ್ರಕ್ಕೆ ವರ್ಷಕ್ಕೆ ೧೫೦ ಲಕ್ಷ ಟನ್ ತೈಲವನ್ನು ಸಂಸ್ಕರಿಸುವ ಸಾಮರ್ಥ್ಯವಿದೆ. ಟನ್ನಿಗೆ ಒಂದೇ ಒಂದು ರೂಪಾಯಿಯನ್ನು ಈ ಎಣಿಕೆಗೆಂದು ಮೀಸಲಿಟ್ಟರೆ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳಾಗುತ್ತವೆ; ದೋಣಿಗೆ, ಸೀಸೆಗೆ, ಪರೀಕ್ಷೆಗೆ, ವಿದ್ಯಾರ್ಥಿಗಳ ಬಸ್ಸಿನ ಖರ್ಚಿಗೆ ಅದು ಸಾಲದೆಂದು ನಮಗೆ ತೋರುವುದಿಲ್ಲ. ಒಂದು ಟನ್ ಕಚ್ಚಾ ತೈಲವೆಂದರೆ ಸುಮಾರು ೧,೧೬೦ ಲೀಟರು. ಆ ರೂಪಾಯಿಯನ್ನು ಲೀಟರುಗಳಿಗೆ ಹಂಚಿದರೆ, ತನ್ನ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿಕೊಳ್ಳುವ ಹಿರೋಳ್ಳಿಯ ರೈತನ ಪಾಲಿಗೆ ಲೀಟರಿಗೆ ಪೈಸೆಯ ಹತ್ತನೆಯ ಒಂದು ಭಾಗವೂ ಬರುವುದಿಲ್ಲ.